ಜರಡಿಗೆ ಕಟ್ಟಿದ ಹಗ್ಗ

ಮಣಿಕಟ್ಟು ಅನ್ನುತ್ತಾರೆ. ನನ್ನದರಲ್ಲಿ ಮಣಿ ಯಾವತ್ತೂ ಇರಲಿಲ್ಲ,
ಕಟ್ಟು ಸಡಿಲಾಗಿತ್ತು.
ಹೆಬ್ಬೆರಳ ಬುಡದಿಂದ ಹೊರಟ ನೋವು
ಮೊಣಕೈವರೆಗೆ ಹೋಗಿ, ಏನೋ ಮರೆತು ಬಂದಂತೆ
ಮತ್ತೆ ಹೆಬ್ಬೆರಳಿಗೇ ವಾಪಸು.

ಹತ್ತೊಂಬತ್ತು ವರ್ಷ, ಮಂಡಕ್ಕಿ ಭಟ್ಟಿಯಲ್ಲಿ ಜರಡಿ ನನ್ನದು.
ಬಾಣಲೆಯಿಂದ ಕಾದ ಉಸುಕು, ಅರಳಿದ ಅಕ್ಕಿ
ಒಟ್ಟಿಗೇ ಬಂದು ಬೀಳುತ್ತವೆ.
ಒಂದು ಝಾಡಿಸು, ಉಸುಕು ಕೆಳಗೆ.
ಇನ್ನೊಂದು ಝಾಡಿಸು, ಕರಕಲು ಪಕ್ಕಕ್ಕೆ.
ಸಂಜೆಯಾದರೆ ದಾವಣಗೆರೆ ಖಾರ ಹಚ್ಚಿ, ಮೆಣಸಿನಕಾಯಿ ನಂಚಿಕೊಂಡು
ಬೊಗಸೆ ಬೊಗಸೆ ತಿನ್ನುತ್ತದಲ್ಲ,
ಒಂದೊಂದು ಬೊಗಸೆಗೆ ನನ್ನ ಕೈ ಎಷ್ಟು ಸಲ ತಿರುಗಿತೋ
ಲೆಕ್ಕ ಇಟ್ಟವರು ಯಾರು?
ಕೈ ಇಟ್ಟಿತ್ತು.

ಮೊದಲು ಹರಳೆಣ್ಣೆ. ಆಮೇಲೆ ಲಕ್ಕಿಸೊಪ್ಪಿನ ಶಾಖ.
ನೂರ್‌ಜಾನ್ ಬೀ ಕೊಟ್ಟ ಹಸಿರು ಮುಲಾಮು,
ಅತ್ತೆ ಮಂತ್ರಿಸಿ ತಂದ ಕರಿದಾರ.
ನೋವು ಎಲ್ಲರಿಗೂ ಮರ್ಯಾದೆ ಕೊಟ್ಟು
ಒಂದೊಂದು ರಾತ್ರಿ ಸುಮ್ಮನಿದ್ದು
ಬೆಳಗ್ಗೆ ಚಹಾದ ಪಾತ್ರೆ ಎತ್ತುವಾಗ ಹಾಜರು.

ಒಂದು ದಿನ ಹಿಂಡುತ್ತಿದ್ದ ಸೀರೆ ಹಾಗೇ ಜಾರಿ ಮಣ್ಣಿಗೆ ಬಿತ್ತು.
"ಕೈ ಕೊಡ್ತು ನೋಡು" ಅಂತ ಇವರು ನಕ್ಕರು.
ಹೌದು, ಕೊಟ್ಟಿತು.
ಇಷ್ಟು ವರ್ಷ ಕೊಡುವುದು ಬಿಟ್ಟು ಬೇರೇನು ಮಾಡಿತ್ತು ಅದು?

ದೊಡ್ಡಾಸ್ಪತ್ರೆ ಡಾಕ್ಟರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಸಿ
ಕಿರುಬೆರಳ ಕಡೆ ಕೈ ಬಗ್ಗಿಸಿದರು.
ನಾನು ಕೂಗಿದ್ದು ಚೀಟಿ ಬರೆಸುವ ಸಾಲಿಗೂ ಕೇಳಿತಂತೆ.
"ಹುರಿ ಊದಿದೆಯಮ್ಮ. ಅದರ ಒರೆಯೊಳಗೆ ಜಾರಲು ಜಾಗ ಇಲ್ಲ.
ಕೊಯ್ದು ಒರೆ ಬಿಡಿಸಬಹುದು, ಅದು ಕೊನೆಗೆ.
ಮೊದಲು ಕೊಯ್ಯದೆ ನೋಡೋಣ."

ಕೊಯ್ಯದೆ ಅಂದರೇನು, ಕೆಳಗಿನ ಮಹಡಿಯಲ್ಲಿ ತಿಳಿಯಿತು.
ಹರಿಹರದಿಂದ ಬಸ್ಸಿಗೆ ಬರುವ ಹುಡುಗಿ, ಸುಚೇತಾ,
ಗಟ್ಟಿ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು
"ಬಳೆ ತೆಗೀರಿ ಹೊನ್ನೂರಮ್ಮ" ಅಂದಳು.
ಬಲಗೈ ಬೋಳಾಗಿ ಮನೆಗೆ ಬಂದೆ.
ಅತ್ತೆ ನನ್ನ ಕೈ ನೋಡಿದವಳೇ ಒಳಗೆ ಓಡಿ
ಮಗ ಗೊರಕೆ ಹೊಡೆಯುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು ಬಂದಳು.

ಕಾದ ಮೇಣದಲ್ಲಿ ಅದ್ದು, ಎತ್ತು. ಅದ್ದು, ಎತ್ತು.
"ಬಿಸಿ ತಡೀತೀರಾ?"
ಮಗಳೇ, ಭಟ್ಟಿ ಉಸುಕು ಕಂಡ ಕೈ ಇದು.
ಆದರೆ ಈ ಬಿಸಿ ಬೇರೆ,
ಏನನ್ನಾದರೂ ಅರಳಿಸು ಅಂತ ಕೇಳುವುದಿಲ್ಲ.
ಮೇಣ ಸುಲಿದಾಗ ಒಳಗೊಂದು ಕೈ ಇತ್ತು,
ಬೇಯಿಸಿ ಸಿಪ್ಪೆ ತೆಗೆದ ಆಲೂಗಡ್ಡೆಯಂಥದು.
ಯಾರದೋ ಅನ್ನುವಂತೆ ನೋಡಿದೆ.

ಮನೆಯಲ್ಲಿ ಮಾಡಲು ಸಣ್ಣ ಸಣ್ಣ ಕೆಲಸ.
ಮೇಜಿನ ಅಂಚಿಗೆ ಕೈಯಿಟ್ಟು ಅರ್ಧ ನೀರಿನ ಬಾಟಲಿ ನಿಧಾನ ಇಳಿಸುವುದು.
ಮೊಮ್ಮಗಳನ್ನು ಕಂಕುಳಿಗೆ ಕೈಹಾಕಿ ಎತ್ತದೆ
ತೆಕ್ಕೆಗೆ ತುಂಬಿಕೊಳ್ಳುವುದು.
(ಇದು ಔಷಧ ಅಂತ ಯಾರಿಗೂ ಹೇಳಲಿಲ್ಲ.)

ಆರನೇ ವಾರ ಸುಚೇತಾಳೇ ಭಟ್ಟಿಗೆ ಬಂದಳು.
ಹೊಗೆಗೆ ದುಪಟ್ಟಾ ಮೂಗಿಗೊತ್ತಿ ಅರ್ಧ ಗಂಟೆ ನಿಂತು
ಜರಡಿಯನ್ನೇ ನೋಡಿದಳು, ನನ್ನನ್ನಲ್ಲ.
"ಇದನ್ನ ಮೇಲಿಂದ ತೂಗುಬಿಟ್ಟರೆ?"
ಗೌಸ್ ಸಾಬರು ಬೀಡಿ ಆರಿಸಿ, ಜಂತಿ ನೋಡಿ, ನನ್ನ ನೋಡಿ
"ಇಷ್ಟು ವರ್ಷ ಯಾರೂ ಕೇಳಲಿಲ್ಲ" ಅಂದರು.
ಒಲೆ ಕಾಯುವ ಹುಡುಗ ಹಗ್ಗ ಕಚ್ಚಿಕೊಂಡು ಏಣಿ ಹತ್ತಿದ.

ಈಗ ಜರಡಿ ತೊಟ್ಟಿಲು.
ಅಂಗೈಯಲ್ಲಿ ನೂಕಿದರೆ ತಾನೇ ಹೋಗಿ ಬರುತ್ತದೆ,
ಉಸುಕು ಉದುರುತ್ತದೆ, ಭಾರ ಜಂತಿಗೆ.
ಮೂರನೆಯ ದಿನ ನೂರ್‌ಜಾನ್ ಬೀ ಹತ್ತಿರ ಬಂದು
"ನನಗೂ ಒಂದು ಕಟ್ಟಿಸೇ" ಅಂದಳು,
ಬುರ್ಖಾದ ತೋಳು ಒಂದಿಷ್ಟು ಮೇಲೆಳೆದು ತೋರಿಸಿದಳು.
ನನ್ನದಕ್ಕಿಂತ ದೊಡ್ಡ ಊತ.
ಮುಲಾಮು ಅವಳ ಹತ್ತಿರ ಯಾಕಿತ್ತು ಅಂತ
ನಾನೂ ಕೇಳಿರಲಿಲ್ಲ.

ನೋವು ಪೂರ್ತಿ ಹೋಗಿಲ್ಲ. ಮೋಡ ಕಟ್ಟಿದ ದಿನ
ಹಳೇ ಬಾಡಿಗೆದಾರನಂತೆ ಬಂದು ಬಾಗಿಲಲ್ಲಿ ನಿಂತು ಹೋಗುತ್ತದೆ.
ಎರಡು ಬಳೆ ವಾಪಸು ಏರಿಸಿದ್ದೇನೆ.
ಉಳಿದ ನಾಲ್ಕು ಗೋಡೆಗೂಡಿನಲ್ಲಿವೆ.
ಅತ್ತೆ ದಿನಾ ಎಣಿಸುತ್ತಾಳೆ.